ಬೇಟವೂ ಬೇಟೆಯೂ

ಕಾವ್ಯದೊಳಗೆ ಬರುವ ಮೃಗವೊಂದು ಬದುಕಬೇಕೋ ಸಾಯಬೇಕೋ ಎಂಬುದನ್ನು ತೀರ್ಮಾನಿಸುವವರು ಯಾರು? ಬೇಡನ ಗುರಿಯೆನ್ನಬಹುದು, ಮೃಗದ ಕಾಲಿನ ಬಲವೆನ್ನಬಹುದು. ಒಂಬತ್ತನೆಯ ಶತಮಾನದಲ್ಲಿ ಬಸ್ರಾ ನಗರದಲ್ಲಿ ಬಾಳಿದ ಅಲ್ ಜಾಹಿಜ್ ಎಂಬ ಪಂಡಿತನು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ಇವೆರಡೂ ಅಲ್ಲ. ಪ್ರಾಣಿಗಳನ್ನು ಕುರಿತ 'ಕಿತಾಬ್ ಅಲ್ ಹಯವಾನ್' ಎಂಬ ತನ್ನ ಬೃಹದ್ಗ್ರಂಥದಲ್ಲಿ ಆತ ಅರಬ್ಬಿ ಕವಿಗಳ ಒಂದು ವಾಡಿಕೆಯನ್ನು ಗುರುತಿಸುತ್ತಾನೆ. ಪದ್ಯವು ಸತ್ತವರನ್ನು ಕುರಿತ ಶೋಕಗೀತೆಯೋ ವೈರಾಗ್ಯದ ಬೋಧೆಯೋ ಆಗಿದ್ದರೆ ಬೇಡನ ನಾಯಿಗಳು ಕಾಡುಹಸುವನ್ನು ಕೊಲ್ಲುತ್ತವೆ. ಪದ್ಯವು ಪ್ರಶಂಸೆಯದಾಗಿದ್ದು ಕವಿ ತನ್ನ ಒಂಟೆಯನ್ನು ಆ ಹಸುವಿಗೆ ಹೋಲಿಸುತ್ತಿದ್ದರೆ ಸಾಯುವುದು ನಾಯಿಗಳೇ. ನಿಜವಾದ ಮರಳುಗಾಡಿನಲ್ಲಿ ಏನು ನಡೆಯಿತೆಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪದ್ಯದ ಜಾತಿ ಯಾವುದೆಂದು ತಿಳಿದರೆ ಮೃಗದ ಗತಿಯನ್ನು ಮುಂದಾಗಿಯೇ ಹೇಳಿಬಿಡಬಹುದು.

ಅಲಂಕಾರಶಾಸ್ತ್ರದ ಇಷ್ಟು ಹಳೆಯ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಆ ಕವಿಗಳು ಕಾಡುಹಸುವೆಂದು ಕರೆದ ಮೃಗವು ಅರೇಬಿಯದ ಬಿಳಿಯ ಓರಿಕ್ಸ್. ಒಮಾನ್ ದೇಶದ ಜಿದ್ದತ್ ಅಲ್ ಹರಾಸಿಸ್ ಎಂಬ ಕಲ್ಲುಬಯಲಿನಲ್ಲಿ 1972ರ ಅಕ್ಟೋಬರಿನಲ್ಲಿ ಕೊನೆಯ ಕಾಡು ಓರಿಕ್ಸ್‌ಗಳು ಬೇಟೆಗಾರರ ಪಾಲಾದವು. ಹತ್ತು ವರ್ಷಗಳ ಮೇಲೆ, 1982ರಲ್ಲಿ, ಅದೇ ಬಯಲಿಗೆ ಅವನ್ನು ಮರಳಿ ತಂದು ಬಿಡಲಾಯಿತು. ಆ ಕೆಲಸವನ್ನು ಬಯಲಿನಲ್ಲಿಯೇ ನಿಂತು ನಡೆಸಿದ ಮಾರ್ಕ್ ಸ್ಟ್ಯಾನ್ಲಿ ಪ್ರೈಸ್ ಎಂಬ ವಿಜ್ಞಾನಿ 1989ರಲ್ಲಿ ಕೇಂಬ್ರಿಜ್‌ನಿಂದ ಒಂದು ಗ್ರಂಥವನ್ನು ಪ್ರಕಟಿಸಿದ್ದಾನೆ. ಪ್ರಾಣಿಗಳನ್ನು ಅವುಗಳ ಹಳೆಯ ನೆಲೆಗೆ ಮರಳಿಸುವುದು ಹೇಗೆಂಬ ವಿಷಯದಲ್ಲಿ ಅದು ಇಂದಿಗೂ ಪ್ರಮಾಣಗ್ರಂಥವೆನಿಸಿದೆ. 2022ರ ಸೆಪ್ಟೆಂಬರಿನಲ್ಲಿ ನಮೀಬಿಯದ ಚೀತಾಗಳು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಬಂದಿಳಿದಂದಿನಿಂದ ಈ ವಿಷಯ ನಮ್ಮ ಮನೆಮನೆಯ ಮಾತೂ ಆಗಿದೆ. 'ಸುತ್ತಲಿನ ಜನ ಬೇಟೆಯಾಡುವವರು, ಅವರ ನಡುವೆ ಇಂಥ ಪ್ರಾಣಿಯನ್ನು ಬಿಡಬಹುದೆ?' ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಅದರೊಳಗಿನ 'ಬೇಟೆಯಾಡುವ ಜನ' ಎಂಬ ಮಾತನ್ನು ನಾವು ಸರಿಯಾಗಿ ಓದಿಕೊಂಡಿಲ್ಲವೆಂದು ನನಗೆ ತೋರುತ್ತದೆ. ಓದುವುದು ನಮ್ಮ ಕಸಬಾದ್ದರಿಂದ ಸ್ಟ್ಯಾನ್ಲಿ ಪ್ರೈಸನ ಗ್ರಂಥವನ್ನು ಮರಳುಗಾಡಿನ ಹಳೆಯ ಕವಿಗಳ ಪಕ್ಕದಲ್ಲಿಟ್ಟು ನೋಡುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇನೆ. ಅರಬ್ಬಿ ನನಗೆ ಬಾರದು. ಕವಿಗಳನ್ನು ಇಂಗ್ಲಿಷ್ ಅನುವಾದಗಳ ಮೂಲಕವೇ ಓದಿಕೊಂಡವನು.

ಮೊದಲು ಮೃಗದ ವಿಚಾರ. ಬಕರ್ ವಹ್ಶೀ ಎಂಬ ಅರಬ್ಬಿ ಮಾತನ್ನು ಅನುವಾದಕರು ಅಕ್ಷರಶಃ 'ಕಾಡುಹಸು' ಎಂದು ಇಂಗ್ಲಿಷಿಗೆ ತಂದುಬಿಟ್ಟರು. ಇದರಿಂದ ಆದ ಹಾನಿ ಸಣ್ಣದಲ್ಲ. ಕಾಡುಹಸುವೆಂದೊಡನೆ ನಮ್ಮ ಕಣ್ಣಿನ ಮುಂದೆ ನಿಲ್ಲುವುದು ಮಲೆನಾಡಿನ ಕಾಟಿ. ಕಪ್ಪು ಮೈ, ದಪ್ಪ ಕೊರಳು, ಹೆಗಲಿನ ಮೇಲೆ ಏರಿ ನಿಂತ ಮಾಂಸದ ರಾಶಿ. ಓರಿಕ್ಸ್ ಹಾಗಿಲ್ಲ. ಅದು ಜಿಂಕೆಗೂ ಹಸುವಿಗೂ ನಡುವಣ ಆಕಾರದ ಎರಳೆ. ಸುಣ್ಣ ಬಳಿದಂಥ ಬಿಳಿಯ ಮೈ, ಮುಖದ ಮೇಲೂ ಕಾಲುಗಳ ಮೇಲೂ ಮಸಿಯಂಥ ಗುರುತು, ನೆಟ್ಟಗೆ ಹಿಂದಕ್ಕೆ ಚಾಚಿದ ಎರಡು ಉದ್ದನೆಯ ಕೊಂಬು. ಪಕ್ಕದಿಂದ ನೋಡಿದರೆ ಎರಡು ಕೊಂಬುಗಳೂ ಒಂದೇ ಆಗಿ ಕಾಣುವುದುಂಟು. ಒಂದೇ ಕೊಂಬಿನ ಕುದುರೆಯ ಕಥೆ ಹುಟ್ಟಿದ್ದು ಹೀಗೆಯೇ ಎಂದು ಊಹಿಸಿದವರಿದ್ದಾರೆ. ತಿಂಗಳುಗಟ್ಟಲೆ ನೀರು ಕುಡಿಯದೆ, ಮಂಜಿನ ಹನಿ ಕುಳಿತ ಹುಲ್ಲಿನಿಂದಲೇ ತನಗೆ ಬೇಕಾದ ತೇವವನ್ನು ಪಡೆದು ಬದುಕಬಲ್ಲ ಪ್ರಾಣಿಯಿದು. ಇದರ ಇನ್ನೊಂದು ಹೆಸರು 'ಮಹಾ'. ನಮ್ಮ ಕವಿಗಳು ಹೆಣ್ಣನ್ನು ಹರಿಣಾಕ್ಷಿಯೆಂದು, ಎರಳೆಗಣ್ಣಿನವಳೆಂದು ಕರೆದ ಹಾಗೆ ಅರಬ್ಬಿ ಕವಿಗಳು 'ಮಹಾ'ದ ಕಣ್ಣಿನವಳೆಂದು ಕರೆದರು. ಪ್ರೀತಿಸಿದವಳ ಕಣ್ಣೂ ಬಾಣಕ್ಕೆ ಗುರಿಯಾಗುವ ಕಣ್ಣೂ ಒಂದೇ ಆಯಿತು. ಹಳಗನ್ನಡ ಓದಿದವರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ನಮ್ಮಲ್ಲಿ 'ಬೇಟ'ವೆಂದರೆ ಪ್ರಣಯ, 'ಬೇಟೆ'ಯೆಂದರೆ ಮೃಗಯೆ; ಎರಡರ ನಡುವೆ ಇರುವುದು ಒಂದು ಸ್ವರದ ದೂರ. ಈ ದೂರ ಎಷ್ಟು ಕಡಿಮೆಯೆಂಬುದಕ್ಕೆ ಮುಂದೆ ಬರುತ್ತೇನೆ.

ಇಸ್ಲಾಮಿಗೆ ಮೊದಲಿನ ಅರಬ್ಬಿ ಕಾವ್ಯದಲ್ಲಿ ಬೇಟೆಗಾರರು ಇಬ್ಬರಿದ್ದಾರೆ. ಈ ಭೇದವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದವನು ಯಾರೊಸ್ಲಾವ್ ಸ್ಟೆಟ್‌ಕೆವಿಚ್ ಎಂಬ ವಿದ್ವಾಂಸ. ಅರಬ್ಬಿ ಕಾವ್ಯದ ಬೇಟೆಯನ್ನೇ ಕುರಿತ ಅವನ ಗ್ರಂಥ 2016ರಲ್ಲಿ ಹೊರಬಂತು. ದೀರ್ಘಪದ್ಯದ ನಡುಭಾಗದಲ್ಲಿ, ಕವಿ ಒಂಟೆಯನ್ನೇರಿ ಮರುಭೂಮಿಯನ್ನು ದಾಟುವಾಗ, ಬರುವ ಬೇಡನು ಬಡವ. ಅವನಿಗೆ ಕುದುರೆಯಿಲ್ಲ, ಬಿಲ್ಲು, ಹಸಿದ ನಾಲ್ಕು ನಾಯಿ, ಮನೆಯಲ್ಲಿ ಕಾಯುತ್ತಿರುವ ಮಕ್ಕಳು. ಅವನ ಬೇಟೆ ಫಲಿಸುವುದಿಲ್ಲ. ಪದ್ಯದ ಕೊನೆಯಲ್ಲಿ, ಕವಿ ತನ್ನ ಹಿರಿಮೆಯನ್ನು ಹೇಳಿಕೊಳ್ಳುವ ಭಾಗದಲ್ಲಿ, ಬರುವ ಬೇಟೆಗಾರನು ಕುದುರೆಯ ಮೇಲಿನ ಕುಲೀನ. ಅವನ ಬೇಟೆ ತಪ್ಪಿದ್ದೇ ಇಲ್ಲ.

ಎರಡನೆಯವನನ್ನು ನೋಡಬೇಕಾದರೆ ಆರನೆಯ ಶತಮಾನದ ಇಮ್ರುಲ್ ಕೈಸನ ಪದ್ಯವನ್ನು ತೆಗೆಯಬೇಕು. ಬೆಳಗಿನ ಜಾವ, ಹಕ್ಕಿಗಳು ಇನ್ನೂ ಗೂಡಿನಲ್ಲಿರುವಾಗ, ಕವಿ ಕುದುರೆಯನ್ನೇರಿ ಹೊರಡುತ್ತಾನೆ. ಎದುರಿಗೆ ಓರಿಕ್ಸ್ ಹಿಂಡೊಂದು ಕಾಣಿಸಿಕೊಳ್ಳುತ್ತದೆ. ನೆಲಕ್ಕೆ ಇಳಿಬಿದ್ದ ಉಡುಗೆಯುಟ್ಟು ದೇವರ ಕಲ್ಲಿನ ಸುತ್ತ ಪ್ರದಕ್ಷಿಣೆ ಬರುವ ಕನ್ಯೆಯರಂತೆ ಅವು ಅವನ ಕಣ್ಣಿಗೆ ತೋರುತ್ತವೆ. ಮರುಗಳಿಗೆಯಲ್ಲಿ ಕುದುರೆ ಒಂದೇ ಓಟದಲ್ಲಿ ಒಂದು ಗೂಳಿಯನ್ನೂ ಒಂದು ಹಸುವನ್ನೂ ಹಿಂದಿಕ್ಕಿರುತ್ತದೆ, ಅದರ ಮೈ ಬೆವರಿರುವುದಿಲ್ಲ. ಮುಂದೆ ಅಡಿಗೆಯವರ ಕೆಲಸ: ಕೆಲವರು ಸುಡುತ್ತಾರೆ, ಕೆಲವರು ಬೇಯಿಸುತ್ತಾರೆ. ಪೂಜೆಯ ಉಪಮೆಯಿಂದ ಒಲೆಯವರೆಗೆ ಹೋಗಲು ಕವಿಗೆ ಏನೂ ಹೊತ್ತು ಹಿಡಿಯಲಿಲ್ಲ! ನಮ್ಮ ಪಂಪನ ಅರ್ಜುನನೂ ಬೇಟೆಗೆ ಹೋಗುತ್ತಾನೆ, ರಾಘವಾಂಕನ ಹರಿಶ್ಚಂದ್ರನೂ ಹೋಗುತ್ತಾನೆ. ಅಲ್ಲಿಯೂ ಬೇಟೆ ಅರಸನ ವಿನೋದವೇ. ಬಣ್ಣನೆ ಸೊಗಸಾಗಿದೆ, ಕೊಲ್ಲುವವನ ಕಣ್ಣಿನಿಂದ ಮಾತ್ರ ಕಾಣುವ ಸೊಗಸು ಅದು.

ಲಬೀದ್ ಇಬ್ನ್ ರಬೀಅನಲ್ಲಿ ಕಣ್ಣು ಬದಲಾಗುತ್ತದೆ. ಅವನು ಇಸ್ಲಾಮಿನ ಉದಯವನ್ನು ಕಂಡು ಅದನ್ನು ಸ್ವೀಕರಿಸಿದ ದೀರ್ಘಾಯುಷಿ; ಇಲ್ಲಿ ಹೇಳುವ ಪದ್ಯ ಅದಕ್ಕೂ ಹಿಂದಿನದು. ತನ್ನ ಒಂಟೆಯ ವೇಗಕ್ಕೆ ಉಪಮೆಯಾಗಿ ಅವನು ಒಂದು ಓರಿಕ್ಸ್ ಹಸುವನ್ನು ತರುತ್ತಾನೆ. ಅವಳ ಕರುವನ್ನು ಕ್ರೂರಮೃಗಗಳು ತಿಂದುಹಾಕಿವೆ. ಅವಳಿಗೆ ಅದು ಗೊತ್ತಿಲ್ಲ. ಹಿಂಡಿನಿಂದ ಹಿಂದುಳಿದು ಏಳು ಹಗಲು ಏಳು ರಾತ್ರಿ ಮರಳುದಿಬ್ಬಗಳ ನಡುವೆ ಕೂಗುತ್ತ ಸುತ್ತುತ್ತಾಳೆ. ಒಂದು ರಾತ್ರಿ ಬಿಡದೆ ಮಳೆ ಹಿಡಿಯುತ್ತದೆ. ಮರಳಿನ ಅಂಚಿನಲ್ಲಿ ಒಂಟಿಯಾಗಿ ನಿಂತ ಮರವೊಂದರ ಬುಡಕ್ಕೆ ಒತ್ತಿ ನಿಲ್ಲುತ್ತಾಳೆ. ಬೆನ್ನ ಮೇಲೆ ನೀರು ಹರಿಯುತ್ತದೆ. ಆ ಕತ್ತಲೆಯಲ್ಲಿ ಅವಳ ಬಿಳಿಯ ಮೈ, ದಾರ ಕಡಿದು ಬಿದ್ದ ಮುತ್ತಿನ ಹಾಗೆ ಹೊಳೆಯುತ್ತದೆ. ಬೆಳಗಾದ ಮೇಲೆ, ಜಾರುವ ನೆಲದ ಮೇಲೆ ಕಾಲಿಡುತ್ತ ಮತ್ತೆ ಹುಡುಕುತ್ತಾಳೆ. ಕೆಚ್ಚಲು ಬತ್ತಿಹೋಗುತ್ತದೆ, ಕರುವಿಗೆ ಹಾಲೂಡಿ ಬತ್ತಿದ್ದಲ್ಲ. ಆಗ ಎಲ್ಲಿಂದಲೋ ಮನುಷ್ಯರ ಸಣ್ಣ ಸದ್ದು ಕೇಳಿಸುತ್ತದೆ. ಕಾಣುವುದು ಏನೂ ಇಲ್ಲ. ಮುಂದಿನಿಂದಲೋ ಹಿಂದಿನಿಂದಲೋ ತಿಳಿಯದು. ಎರಡು ಕಡೆಯಲ್ಲಿಯೂ ಭಯವೇ. ಬಾಣದಿಂದ ಆಗದೆಂದು ತಿಳಿದ ಬೇಡರು ಕಿವಿ ಜೋತ ನಾಯಿಗಳನ್ನು ಬಿಡುತ್ತಾರೆ. ಅವು ಹತ್ತಿರ ಬಂದಾಗ ಅವಳು ತಿರುಗಿ ನಿಲ್ಲುತ್ತಾಳೆ. ಕಸಾಬ್ ಎಂಬ ನಾಯಿ ರಕ್ತದಲ್ಲಿ ಬೀಳುತ್ತದೆ. ಸುಖಾಮ್ ಎಂಬುದು ಕಾದಿದ ಜಾಗದಲ್ಲಿಯೇ ಉಳಿಯುತ್ತದೆ.

ಈ ಭಾಗವನ್ನು ಓದಿದ ಸಹೃದಯರು ಸಾಮಾನ್ಯವಾಗಿ ಹೇಳುವುದು ಕರುಣರಸದ ಮಾತನ್ನು. ಕರುಣೆ ಇದೆ, ಸಂದೇಹವಿಲ್ಲ. ಆದರೆ ನನ್ನನ್ನು ಹೆಚ್ಚಾಗಿ ಹಿಡಿದು ನಿಲ್ಲಿಸುವುದು ಇಲ್ಲಿನ ತಿಳಿವಳಿಕೆ. ಕಾಣದ ಮನುಷ್ಯನ ಸದ್ದಿಗೆ ಮೃಗ ಹೇಗೆ ಬೆಚ್ಚುತ್ತದೆ, ಮಳೆಯಲ್ಲಿ ಎಂಥ ಮರದ ಬುಡವನ್ನು ಸೇರುತ್ತದೆ, ಯಾವ ಕ್ಷಣದಲ್ಲಿ ಓಟ ಬಿಟ್ಟು ಕೊಂಬನ್ನು ತಿರುಗಿಸುತ್ತದೆ ಎಂಬುದನ್ನು ಬೇಟೆಯಾಡದವರು ಬಲ್ಲರೆ? ಬೆನ್ನಟ್ಟಿದವರಿಗೆ ಮಾತ್ರ ಬೆನ್ನಟ್ಟಿಸಿಕೊಂಡವರ ಭಯ ಇಷ್ಟು ವಿವರವಾಗಿ ತಿಳಿದೀತು. ಈ ಹಸುವನ್ನು ಕೊಲ್ಲಲು ಹೊರಟ ಜನವೇ ಅವಳ ದುಃಖಕ್ಕೆ ಮಾತನ್ನೂ ಕೊಟ್ಟರು. ಬೇಟೆಗಾರನೆಂದರೆ ಹೃದಯವಿಲ್ಲದವನು, ಅವನಿಗೆ ಪಾಠ ಹೇಳಿ ಮೃದುಮಾಡಬೇಕು ಎಂದು ನಂಬಿರುವ ನಮ್ಮ ಪಟ್ಟಣಿಗರು ಈ ಪದ್ಯವನ್ನು ಒಮ್ಮೆ ಓದಬೇಕು.

ಇಂಗ್ಲಿಷಿನಲ್ಲಿ ಈ ಪದ್ಯಗಳನ್ನು ಮೊದಲು ಒಟ್ಟಾಗಿ ತಂದವನು ಸರ್ ವಿಲಿಯಂ ಜೋನ್ಸ್, 1780ರ ದಶಕದ ಆರಂಭದಲ್ಲಿ. ಅನಂತರ ಕಲ್ಕತ್ತೆಗೆ ಬಂದು ನ್ಯಾಯಾಧೀಶನಾದ ಇದೇ ಜೋನ್ಸನೇ 1789ರಲ್ಲಿ ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದನು. ಆ ನಾಟಕ ತೆರೆಯುವುದೇ ಬೇಟೆಯಿಂದ. ಜಿಂಕೆ ಕೊರಳನ್ನು ಹಿಂದಕ್ಕೆ ಹೊರಳಿಸಿ ರಥವನ್ನು ನೋಡುತ್ತ ಓಡುತ್ತದೆ. ದುಷ್ಯಂತನು ಬಾಣವನ್ನು ಹೂಡಿದ್ದಾನೆ. ತಪಸ್ವಿಯೊಬ್ಬನು ನಡುವೆ ಬಂದು, ಇದು ಆಶ್ರಮದ ಮೃಗ, ಕೊಲ್ಲತಕ್ಕದ್ದಲ್ಲ ಎನ್ನುತ್ತಾನೆ. ಅರಸನು ಬಾಣವನ್ನು ಹಿಂದಕ್ಕೆ ಪಡೆಯುತ್ತಾನೆ. ಒಂದು ಮಾತಿನಿಂದ ಗಡಿಯೊಂದು ಏರ್ಪಟ್ಟಿತು, ಬಿಲ್ಲು ಹಿಡಿದವನು ಅದಕ್ಕೆ ತಲೆಬಾಗಿದನು. ಒಬ್ಬನೇ ಮನುಷ್ಯನ ಮೇಜಿನ ಮೇಲೆ ಈ ಎರಡು ಬೇಟೆಗಳೂ ಇದ್ದುವೆಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಲಬೀದನ ಹಸುವಿಗೆ ಆಶ್ರಮವಿಲ್ಲ, ತಪಸ್ವಿಯಿಲ್ಲ. ಅವಳಿಗಿದ್ದ ರಕ್ಷಣೆ ಬಯಲಿನ ವಿಸ್ತಾರ, ಬೇಡನ ಬಡತನ, ನಾಯಿಗಳ ದಣಿವು, ಇಷ್ಟೇ. ಸಾವಿರಾರು ವರ್ಷ ಇದೇ ಸಾಕಾಗಿತ್ತು.

ಸಾಲದೆ ಹೋದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮರಳುಗಾಡಿಗೆ ಮೋಟಾರು ಬಂತು, ಅದರ ಜೊತೆಗೆ ದೂರಕ್ಕೆ ಗುಂಡು ಹಾರಿಸುವ ಬಂದೂಕು ಬಂತು. ಇಮ್ರುಲ್ ಕೈಸನ ಕುದುರೆ ಬೆವರಲಿಲ್ಲವೆಂಬುದು ಅತಿಶಯೋಕ್ತಿ. ಮೋಟಾರಿನ ವಿಷಯದಲ್ಲಿ ಅದು ಸ್ವಭಾವೋಕ್ತಿಯಾಯಿತು. ಶ್ರೀಮಂತರ ಬೇಟೆಗುಂಪುಗಳು ಗಡಿಗಳನ್ನು ದಾಟಿ ಬಂದು, ಹಿಂಡು ಹಿಂಡಾಗಿ ಓರಿಕ್ಸ್‌ಗಳನ್ನು ಕೊಂದುವು. 1962ರಲ್ಲಿ ಇಂಗ್ಲೆಂಡಿನ ಪ್ರಾಣಿರಕ್ಷಣಾ ಸಂಘದವರು ಇಯನ್ ಗ್ರಿಮ್‌ವುಡ್ ಎಂಬವನ ನಾಯಕತ್ವದಲ್ಲಿ ಏಡನ್ನಿನ ಪೂರ್ವಭಾಗಕ್ಕೆ ಒಂದು ತಂಡವನ್ನು ಕಳಿಸಿದರು. ಅವರಿಗೆ ಉಳಿಸಿಕೊಳ್ಳಲು ಸಿಕ್ಕಿದ್ದು ಮೂರೇ ಮೂರು ಪ್ರಾಣಿ. ಲಂಡನ್ ಮೃಗಶಾಲೆಯಿಂದ ಒಂದು, ಕುವೈತಿನಿಂದ ಒಂದು, ಸೌದಿ ಅರೇಬಿಯದ ದೊರೆಯಿಂದ ನಾಲ್ಕು ಸೇರಿ ಒಟ್ಟು ಒಂಬತ್ತಾದುವು. ಅಮೆರಿಕದ ಅರಿಜೋನ ಪ್ರಾಂತದ ಫೀನಿಕ್ಸ್ ಮೃಗಶಾಲೆಯಲ್ಲಿ ಇವೇ ವಂಶವನ್ನು ಬೆಳೆಸಿದುವು. ಹತ್ತು ವರ್ಷಗಳಲ್ಲಿ ಮರಳುಗಾಡಿನಲ್ಲಿ ಉಳಿದಿದ್ದ ಕೊನೆಯವೂ ಹೋದುವು. ಅವನ್ನು ಕೊಂದು ಮುಗಿಸಿದವನು ನಾಯಿಗಳೊಡನೆ ನಡೆದುಬರುವ ಬಡ ಬೇಡನಲ್ಲ. ಪದ್ಯದ ಕೊನೆಯ ಭಾಗದ ಕುಲೀನ ಬೇಟೆಗಾರನು ಕುದುರೆಯಿಂದ ಇಳಿದು ಮೋಟಾರನ್ನು ಹತ್ತಿದ್ದನು. 'ಸ್ಥಳೀಯ ಜನ ಬೇಟೆಯಾಡುತ್ತಾರೆ' ಎಂಬ ಮಾತು ಈ ಇಬ್ಬರನ್ನೂ ಒಂದೇ ಗೋಣಿಯೊಳಗೆ ತುಂಬುತ್ತದೆ. ಶಿಕ್ಷೆಯ ಹೊತ್ತಿಗೆ ಮೊದಲನೆಯವನನ್ನು ಮಾತ್ರ ಹೊರಕ್ಕೆ ತೆಗೆಯುತ್ತದೆ.

ಹರಾಸಿಸ್ ಎಂಬ ಜನ ಆ ಬಯಲಿನ ನಿವಾಸಿಗಳು. ಒಂಟೆ ಆಡುಗಳ ಹಾಲಿನ ಮೇಲೆ ಬದುಕಿದ ಸಣ್ಣ ಕುಲ. ನೀರಿಲ್ಲದ ಬಯಲು, ಅರಬ್ಬೀ ಸಮುದ್ರದಿಂದ ಬರುವ ಮಂಜೇ ಅಲ್ಲಿನ ಮರಗಿಡಗಳ ಆಧಾರ. ಅಲ್ಲಿಯ ಮರಗಳಲ್ಲಿ ಮುಖ್ಯವಾದುದೊಂದನ್ನು ಅರಬ್ಬರು ಗಾಫ್ ಎನ್ನುತ್ತಾರೆ. ವಿಜಯದಶಮಿಯ ದಿನ ನಾವು ಪೂಜಿಸುವ ಬನ್ನಿಯೇ ಅದು. ಪಾಂಡವರು ಆಯುಧಗಳನ್ನು ಅಡಗಿಸಿಟ್ಟ ಶಮೀವೃಕ್ಷದ ನೆರಳು ಒಮಾನಿನಲ್ಲಿ ಬಿಸಿಲಿಗೆ ಬಳಲಿದ ಪ್ರಾಣಿಗಳಿಗೆ ಆಶ್ರಯ ಕೊಡುತ್ತಿದೆಯೆಂದು ನೆನೆದರೆ ಆ ದೂರದ ಬಯಲು ಸ್ವಲ್ಪ ಹತ್ತಿರ ಬಂದಂತಾಗುತ್ತದೆ. ಹರಾಸಿಸರೂ ಹಿಂದೆ ಓರಿಕ್ಸನ್ನು ಬೇಟೆಯಾಡಿದವರೇ. ಮಾಂಸ ಅವರಿಗೆ ಅಪರೂಪದ ವಸ್ತು.

ಸುಲ್ತಾನ್ ಕಾಬೂಸನ ಇಚ್ಛೆಯಂತೆ ಓರಿಕ್ಸ್‌ಗಳನ್ನು ಮರಳಿಸುವ ಯೋಜನೆ ಆರಂಭವಾದಾಗ ಅದರ ಕಾವಲುಗಾರರನ್ನು ಆರಿಸಿಕೊಂಡದ್ದು ಈ ಜನದಿಂದಲೇ. ಇದು ಬಹಳ ವಿವೇಕದ ಕೆಲಸ. ಸ್ಟ್ಯಾನ್ಲಿ ಪ್ರೈಸನ ಗ್ರಂಥದಲ್ಲಿ ನನಗೆ ಮೆಚ್ಚಿಕೆಯಾದ ಭಾಗವೂ ಇದೇ. ಅವನು ಭಾವುಕನಲ್ಲ. ಪ್ರಾಣಿಯ ಮೈಯ ವ್ಯವಸ್ಥೆ, ಮೇವು, ಹಿಂಡಿನ ನಡವಳಿಕೆ, ನೆಲದ ಗುಣ ಎಲ್ಲವನ್ನೂ ಅಳೆದು ತೂಗಿ ಬರೆಯುತ್ತಾನೆ. ಹಾಗೆ ಅಳೆಯುವವನೇ, ಬಯಲಿನ ಜನರ ಒಪ್ಪಿಗೆಯಿಲ್ಲದೆ ಯಾವ ಅಳತೆಯೂ ಉಪಯೋಗಕ್ಕೆ ಬಾರದೆಂದು ತಿಳಿದುಕೊಂಡಿದ್ದಾನೆ. 1980ರಲ್ಲಿ ಅಮೆರಿಕದಿಂದ ವಿಮಾನದಲ್ಲಿ ಬಂದ ಓರಿಕ್ಸ್‌ಗಳನ್ನು ಯಾಲೂನಿ ಎಂಬಲ್ಲಿ ಬೇಲಿಯೊಳಗಿಟ್ಟು ಪಳಗಿಸಿ, ಹಿಂಡುಗಟ್ಟುವುದನ್ನು ಕಾದು, 1982ರ ಜನವರಿಯ ಕೊನೆಯಲ್ಲಿ ಮೊದಲ ಹಿಂಡನ್ನು ಬೇಲಿಯಿಂದ ಹೊರಕ್ಕೆ ಬಿಟ್ಟರು. ಅವು ಎಲ್ಲಿ ಹೋದರೂ ಹೆಜ್ಜೆ ಹಿಡಿದು ಹಿಂಬಾಲಿಸಿದವರು ಹರಾಸಿಸ್ ಕಾವಲುಗಾರರು. ಆ ಹೆಜ್ಜೆ ಓದುವ ವಿದ್ಯೆ ಅವರಿಗೆ ಬಂದದ್ದೆಲ್ಲಿಂದ? ಯಾವ ಸರಕಾರಿ ತರಬೇತಿಯೂ ಅದನ್ನು ಕೊಟ್ಟದ್ದಲ್ಲ. ಅದು ಬೇಟೆಯ ವಿದ್ಯೆ, ಲಬೀದನಿಗೆ ಆ ಹಸುವಿನ ಕಿವಿಯನ್ನು ಕೊಟ್ಟ ವಿದ್ಯೆ.

ಇಷ್ಟು ಹೇಳಿದ ಮೇಲೆ ಗ್ರಂಥದ ಕೊರತೆಯನ್ನೂ ಹೇಳಬೇಕು. ಹಿಂಡು ಬೆಳೆಯುತ್ತಿದ್ದ ಕಾಲದಲ್ಲಿ, 1989ರಲ್ಲಿ, ಅದು ಹೊರಬಂತು. ಮಾತು ವಿಜ್ಞಾನದ್ದಾದರೂ ಜಾತಿಯಿಂದ ಅದು ಪ್ರಶಂಸೆಯ ಕಾವ್ಯ. ಪ್ರಶಂಸೆಯ ಕಾವ್ಯದಲ್ಲಿ ಸಾಯುವುದು ನಾಯಿಗಳೆಂದು ಅಲ್ ಜಾಹಿಜ್ ಹೇಳಿದ್ದಾನೆ. ಮರುಭೂಮಿಗೆ ಮೃಗ ಮರಳಿತು, ಜನ ಸಂತೋಷಪಟ್ಟರು, ಬೇಡನು ಕಾವಲುಗಾರನಾದನು ಎಂಬ ಮೂರು ಹೆಜ್ಜೆಗಳಲ್ಲಿ ಕಥೆ ಮುಂದುವರಿಯುತ್ತದೆ. ಮೂರನೆಯ ಹೆಜ್ಜೆಯಲ್ಲಿ ನನಗೆ ಸ್ವಲ್ಪ ತಡೆಯಿದೆ. ಸಂಬಳ ಪಡೆಯುವ ಕಾವಲುಗಾರನೊಬ್ಬನ ಹಿಂದೆ ಸಂಬಳ ಪಡೆಯದ ಅವನ ಅಣ್ಣತಮ್ಮಂದಿರಿದ್ದಾರೆ, ನೆರೆಯ ಕುಲದವರಿದ್ದಾರೆ. ಅವರಿಗೆ ಈ ಮೃಗದಿಂದ ಬಂದದ್ದೇನು? 1980ರ ದಶಕದಿಂದ ಹರಾಸಿಸರ ನಡುವೆ ಕೆಲಸಮಾಡಿದ ಮಾನವಶಾಸ್ತ್ರಜ್ಞೆ ಡಾನ್ ಚಾಟಿ ಈ ಪ್ರಶ್ನೆಯನ್ನು ಬಿಡದೆ ಕೇಳಿದ್ದಾರೆ. ಸಂರಕ್ಷಣೆಯ ಯೋಜನೆಗಳು ಬಯಲನ್ನು ಜನವಿಲ್ಲದ ನೆಲವೆಂಬಂತೆ ಕಂಡು ನಕ್ಷೆ ಬರೆದುವು, ತಲೆಮಾರುಗಳಿಂದ ಅಲ್ಲಿ ಒಂಟೆ ಮೇಯಿಸಿದವರ ಮಾತನ್ನು ಕೇಳಲಿಲ್ಲ ಎಂಬುದು ಅವರ ಆಕ್ಷೇಪದ ಸಾರ. 1996ರಲ್ಲಿ ಬಂದ ಅವರ 'ಮೊಬೈಲ್ ಪ್ಯಾಸ್ಟೊರಲಿಸ್ಟ್ಸ್' ಗ್ರಂಥವನ್ನು ಸ್ಟ್ಯಾನ್ಲಿ ಪ್ರೈಸನ ಜೊತೆಯಲ್ಲಿಟ್ಟುಕೊಂಡೇ ಓದಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಅರ್ಧವೇ ಕಾಣುತ್ತದೆ.

ಅದೇ 1996ರ ಫೆಬ್ರವರಿಯಲ್ಲಿ ಕಳ್ಳಬೇಟೆ ಮತ್ತೆ ಮೊದಲಾಯಿತು. ಎರಡು ವರ್ಷದ ಹಿಂದೆ, 1994ರಲ್ಲಿ, ಯುನೆಸ್ಕೋ ಸಂಸ್ಥೆ ಆ ಬಯಲನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತ್ತು. ಹಿಂಡು ನಾನೂರನ್ನು ದಾಟಿತ್ತು. 1998ರ ಸೆಪ್ಟೆಂಬರಿನ ಹೊತ್ತಿಗೆ ಉಳಿದವು ಸುಮಾರು 138. ಅವುಗಳಲ್ಲಿ ಹೆಣ್ಣು 28 ಮಾತ್ರ. ಈ ಕೊನೆಯ ಅಂಕಿಯ ಮುಂದೆ ಓದುಗರು ಒಂದು ಗಳಿಗೆ ನಿಲ್ಲಬೇಕು. ಮಾಂಸಕ್ಕಾಗಿ ಕೊಲ್ಲುವವನಿಗೆ ಗಂಡಾದರೇನು ಹೆಣ್ಣಾದರೇನು? ಇವರು ಕೊಲ್ಲಲು ಬಂದವರಲ್ಲ, ಹಿಡಿಯಲು ಬಂದವರು. ದೇಶದ ಹೊರಗಿನ ಧನಿಕರ ಖಾಸಗಿ ಮೃಗಶಾಲೆಗಳಿಗೆ ಜೀವಂತ ಓರಿಕ್ಸ್ ಬೇಕಾಗಿತ್ತು. ವಂಶ ಬೆಳೆಸುವ ಹೆಣ್ಣಿಗೆ ಬೆಲೆ ಹೆಚ್ಚು. ಮೃಗವನ್ನು ಕಂಡು ಮೆಚ್ಚಿದವರೇ, ಅದರ ಬಿಳುಪನ್ನೂ ಕಣ್ಣನ್ನೂ ತಮ್ಮ ತೋಟದಲ್ಲಿ ನೋಡಬೇಕೆಂದು ಬಯಸಿದವರೇ ಅದಕ್ಕೆ ಹಣ ಕೊಟ್ಟರು. ಬಯಲಿನಲ್ಲಿ ಬೆನ್ನಟ್ಟಿ ಹಗ್ಗ ಹಾಕಿದ ಕೈಗಳು ಬಯಲನ್ನು ಬಲ್ಲವರ ಕೈಗಳೇ ಆಗಿರಬೇಕು. ಆದರೆ ಆ ಕೈಗಳನ್ನು ನಡೆಸಿದ್ದು ಬೇಟೆಯ ಹಸಿವಲ್ಲ. ಅದು ಬೇಟ. ಹಳಗನ್ನಡದ ಆ ಎರಡು ಮಾತುಗಳ ನಡುವಿನ ದೂರವನ್ನು ನಾನು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಮುಂದಿನದನ್ನು ಬೇಗ ಹೇಳಿ ಮುಗಿಸಬಹುದು. ಇನ್ನು ಬಯಲಿನಲ್ಲಿ ಉಳಿಯಲಾರವೆಂದು 40 ಪ್ರಾಣಿಗಳನ್ನು ಹಿಡಿದು ತಂದು ಮತ್ತೆ ಬೇಲಿಯೊಳಗೆ ಇಟ್ಟರು. 2007ರ ಹೊತ್ತಿಗೆ ಉಳಿದವು 65. ಮರಿ ಹಾಕುವ ಜೋಡಿಗಳು ನಾಲ್ಕು. ಆ ನೆಲದಲ್ಲಿ ತೈಲ ಶೋಧಿಸುವ ಉದ್ದೇಶವಿದ್ದ ಸರಕಾರವು ಅಭಯಾರಣ್ಯದ ವಿಸ್ತಾರವನ್ನು ಶೇಕಡಾ 90ರಷ್ಟು ಕಡಿಮೆಮಾಡಿತು. ಯುನೆಸ್ಕೋ ಆ ವರ್ಷ ಅದನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿತು. ಪಟ್ಟಿಯ ಇತಿಹಾಸದಲ್ಲಿ ಹೀಗೆ ಹೊರಬಿದ್ದ ಮೊದಲನೆಯ ಸ್ಥಳ ಅದೇ. ಕಾಳಿದಾಸನ ಅರಸನು ಗಡಿಯನ್ನು ಕಂಡು ಬಾಣವನ್ನು ಹಿಂದಕ್ಕೆ ತೆಗೆದುಕೊಂಡನು. ಇಲ್ಲಿ ಹಿಂದಕ್ಕೆ ಹೋದದ್ದು ಗಡಿ. ಈ ವಿಷಯವನ್ನು ಬರೆದ ಹಲವು ಲೇಖನಗಳಲ್ಲಿ ಕಳ್ಳಬೇಟೆಗೆ ಇಡೀ ಪುಟ, ತೈಲಕ್ಕೆ ಒಂದು ವಾಕ್ಯ. ಶೋಕಗೀತೆಗೆ ಬೇಡನೊಬ್ಬನು ಬೇಕೇಬೇಕೆಂದು ಕಾಣುತ್ತದೆ. ತೈಲದ ಬಾವಿಯನ್ನು ಬೇಡನೆಂದು ಚಿತ್ರಿಸುವ ಸಂಪ್ರದಾಯ ಇನ್ನೂ ಹುಟ್ಟಿಲ್ಲ.

ಶೋಕಗೀತೆಯ ಮಾತು ಬಂದದ್ದರಿಂದ ಅಬೂ ಝುಐಬನನ್ನು ನೆನೆಯಬೇಕು. ಒಂದೇ ವರ್ಷದಲ್ಲಿ ಐದು ಗಂಡುಮಕ್ಕಳನ್ನು ಪಿಡುಗಿನಿಂದ ಕಳೆದುಕೊಂಡನೆಂದು ಹೇಳಲಾಗುವ ಕವಿ. ಆ ದುಃಖದಲ್ಲಿ ರಚಿಸಿದ ಪದ್ಯದಲ್ಲಿಯೂ ಓರಿಕ್ಸ್ ಬರುತ್ತದೆ. ಗೂಳಿ ನಾಯಿಗಳೊಡನೆ ಕಾದುತ್ತದೆ, ಅವನ್ನು ಕೊಂಬಿನಿಂದ ಇರಿದು ಚೆಲ್ಲುತ್ತದೆ. ಇನ್ನೇನು ಉಳಿಯಿತೆನ್ನುವಾಗ ಮರೆಯಿಂದ ಬೇಡನ ಬಾಣ ಬಂದು ನಾಟುತ್ತದೆ. ಹೋರಾಟದಲ್ಲಿ ಏನೂ ತಪ್ಪಿಲ್ಲ, ಆದರೂ ಸಾವು. ಒಮಾನಿನ ಯೋಜನೆಯ ವಿಷಯದಲ್ಲಿ 1999ರ ಅನಂತರ ಬಂದ ಬರವಣಿಗೆ ಬಹುಮಟ್ಟಿಗೆ ಈ ಧಾಟಿಯದು: ಎಲ್ಲವನ್ನೂ ಸರಿಯಾಗಿಯೇ ಮಾಡಿದೆವು, ವಿಧಿ ಬೇರೆಯಾಗಿತ್ತು. ಈ ಧಾಟಿಯನ್ನೂ ನಾನು ಒಪ್ಪಲಾರೆ. ಅಬೂ ಝುಐಬನ ಮಕ್ಕಳನ್ನು ಕೊಂಡೊಯ್ದದ್ದು ವಿಧಿಯೆನ್ನಬಹುದು. ಓರಿಕ್ಸ್‌ಗಳನ್ನು ಕೊಂಡೊಯ್ದವರು ಹಣ ಎಣಿಸಿ ಕೊಟ್ಟವರು. 'ವಿಧಿ'ಯೆಂಬ ಪದ ಅವರಿಗೆ ಮರೆಯಾಗಿ ನಿಲ್ಲಬಾರದು.

ಪ್ರಶಂಸೆಯೂ ಶೋಕವೂ ಅಲ್ಲದ ಮೂರನೆಯದೊಂದು ಬರವಣಿಗೆ ಸಾಧ್ಯವೆ? ಘಟನೆಗಳು ಎರಡು ಜಾತಿಗಳನ್ನೂ ಮೀರಿ ನಡೆದಿವೆ. ಓರಿಕ್ಸ್ ಅಳಿಯಲಿಲ್ಲ. ಒಮಾನಿನಲ್ಲಿ ಬೇಲಿಯೊಳಗಿನ ಹಿಂಡು ಉಳಿಯಿತು. ಸೌದಿ ಅರೇಬಿಯದಲ್ಲಿ 1990ರಲ್ಲಿ ಬೇಲಿ ಕಟ್ಟಿದ ಮಹಾಜತ್ ಅಸ್ ಸೈದ್‌ನಲ್ಲಿಯೂ, 1995ರಲ್ಲಿ ಮಹಾಮರಳುಗಾಡಿನ ಅಂಚಿನ ಉರೂಕ್ ಬನೀ ಮಆರಿದ್‌ನಲ್ಲಿಯೂ ಅವನ್ನು ಬಿಟ್ಟರು. 2011ರಲ್ಲಿ ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನ ಉತ್ತಮವಾಯಿತು. ಕಾಡಿನಲ್ಲಿ ಒಮ್ಮೆ ಪೂರ್ತಿಯಾಗಿ ಇಲ್ಲವಾಗಿದ್ದ ಪ್ರಾಣಿಯೊಂದು ಮೂರು ಮೆಟ್ಟಿಲು ಮೇಲೇರಿದ್ದು ಅದೇ ಮೊದಲು. ಒಮಾನಿನ ಬಯಲನ್ನು ಹೊರಹಾಕಿದ ವಿಶ್ವಪರಂಪರೆಯ ಪಟ್ಟಿಗೇ 2023ರಲ್ಲಿ ಉರೂಕ್ ಬನೀ ಮಆರಿದ್ ಸೇರಿತು. ಅಲ್ ಜಾಹಿಜನು ಇದ್ದಿದ್ದರೆ ಈ ಪದ್ಯವನ್ನು ಯಾವ ಕಪಾಟಿನಲ್ಲಿಡುವುದೆಂದು ತಲೆ ಕೆರೆದುಕೊಳ್ಳುತ್ತಿದ್ದನು.

ನನ್ನ ಆಸೆಯೊಂದಿದೆ. ಹರಾಸಿಸರು ಮನೆಯಲ್ಲಿ ಆಡುವ ಮಾತು ಅರಬ್ಬಿಯಲ್ಲ. ಹರ್ಸೂಸಿ ಎಂಬ ಬೇರೆಯೇ ನುಡಿ, ಅರಬ್ಬಿಗೆ ದೂರದ ದಾಯಾದಿ, ಬರಹವಿಲ್ಲದ್ದು. ಅದರ ನಿಘಂಟೊಂದನ್ನು ಟಿ. ಎಂ. ಜಾನ್‌ಸ್ಟನ್ ಎಂಬ ಪಂಡಿತನು 1977ರಲ್ಲಿ ಪ್ರಕಟಿಸಿದನು. 1972ಕ್ಕೂ 1982ಕ್ಕೂ ನಡುವೆ, ಬಯಲಿನಲ್ಲಿ ಒಂದೇ ಒಂದು ಓರಿಕ್ಸ್ ಇಲ್ಲದಿದ್ದಾಗ, ಬಂದ ನಿಘಂಟು ಅದು. ಆ ನುಡಿಯನ್ನು ಆಡುವವರು ಈಗ ಕೆಲವೇ ಮಂದಿ. ಮಕ್ಕಳು ಶಾಲೆಯಲ್ಲಿ ಅರಬ್ಬಿ ಕಲಿಯುತ್ತಾರೆ. ಈ ಐವತ್ತು ವರ್ಷದ ಕಥೆಯನ್ನು ಇಂಗ್ಲಿಷಿನಲ್ಲಿ ವಿಜ್ಞಾನಿಗಳು ಬರೆದಿದ್ದಾರೆ, ಅಧಿಕಾರಿಗಳು ಬರೆದಿದ್ದಾರೆ, ಮಾನವಶಾಸ್ತ್ರಜ್ಞರು ಬರೆದಿದ್ದಾರೆ. ತಾತ ಓರಿಕ್ಸನ್ನು ಬೇಟೆಯಾಡಿದ್ದನ್ನು ಕಂಡ, ತಾನೇ ಅದರ ಹೆಜ್ಜೆ ಹಿಡಿದು ಕಾವಲು ನಡೆದ, 1996ರಲ್ಲಿ ಖಾಲಿಯಾದ ಹೆಜ್ಜೆಗುರುತಿನ ಮುಂದೆ ಮೋಟಾರಿನ ಗಾಲಿಯ ಗುರುತನ್ನು ಕಂಡ ಮುದುಕನೊಬ್ಬನು ಅದನ್ನೇ ಹರ್ಸೂಸಿಯಲ್ಲಿ ಹೇಳಿದರೆ ಹೇಗಿದ್ದೀತು? ಲಬೀದನ ಪದ್ಯದಲ್ಲಿ ನಾಯಿಗಳಿಗೂ ಹೆಸರಿದೆ, ಬೇಡರಿಗೆ ಮಾತ್ರ ಇಲ್ಲ.